ಅಕ್ಕನಿಗೆ ಹೇಳಿದ ಸಮುದ್ರ

ಮೊನ್ನೆ ರಾಮನಗರದ ಹೊರಗೆ, ಹೆದ್ದಾರಿಯ ಪಕ್ಕದ ಒಂದು ಹೊಸ ಹೋಟೆಲಿಗೆ ಮಗಳು ನನ್ನನ್ನು ಇಡ್ಲಿ ತಿನ್ನಿಸಲು ಕರೆದುಕೊಂಡು ಹೋಗಿದ್ದಳು. ಕೈ ತೊಳೆದುಕೊಂಡು ಬಂದು ಕುಳಿತರೆ ಎದುರಿನ ಗೋಡೆಯ ಮೇಲೆ ಚಂದ್ರಂಕಿ! ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಸುರುಳಿ ಸುರುಳಿಯಾಗಿ ಹೆಣೆದ ಚಾಪೆ ಅದು. ಪುಸ್ತಕದಲ್ಲಿ ಚಂದ್ರಿಕೆ ಅಂತ ಬರೆಯುತ್ತಾರೆ, ನಮ್ಮ ಕಡೆ ಚಂದ್ರಂಕಿ. ಹೋಟೆಲಿನವರು ಅದಕ್ಕೆ ಬಂಗಾರದ ಬಣ್ಣ ಹೊಡೆದು, ನಡುವೆ ಒಂದು ಬಲ್ಬು ಸಿಕ್ಕಿಸಿ ತೂಗುಹಾಕಿದ್ದರು. ಪಕ್ಕದ ಟೇಬಲಿನವರು ಅದರ ಮುಂದೆ ನಿಂತು ಗಲಗಲ ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ಏನಾಯಿತೋ, ಸಾಂಬಾರಿನ ಬಟ್ಟಲು ಕೈಯಲ್ಲಿ ಹಿಡಿದವಳು ದನಿ ತಗ್ಗಿಸಿ, "ಮೆತ್ತಗೆ ಮಾತಾಡು" ಎಂದೆ. ಮಗಳು ಕಕ್ಕಾಬಿಕ್ಕಿ. "ಯಾಕಮ್ಮಾ, ಯಾರಾದ್ರೂ ಮಲಗಿದಾರಾ?" ಎಂದು ಸುತ್ತ ನೋಡಿದಳು.

ಚಂದ್ರಂಕಿ ಇದ್ದಲ್ಲಿ ಹುಳು ಇರುತ್ತದೆ, ಹುಳು ಇದ್ದಲ್ಲಿ ಗಟ್ಟಿಯಾಗಿ ಮಾತಾಡಬಾರದು. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಹಾಲು ಕುಡಿಯುವಾಗಲೇ ಬಂದದ್ದು. ಅಕ್ಕ ಇದ್ದಿದ್ದರೆ ಆ ಹೋಟೆಲಿನವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಮ್ಯಾನೇಜರನ್ನು ಕರೆದು, "ಈ ಬಣ್ಣದ್ ವಾಸ್ನೆಗೆ ಹುಳ ಬದುಕ್ತವಾ? ತೊಳೆದು ಬಿಸ್ಲಿಗಾಕಪ್ಪಾ" ಎಂದು ಬುದ್ಧಿ ಹೇಳಿಯೇ ಕಾಫಿ ಕುಡಿಯುತ್ತಿದ್ದಳು. ನನಗೆ ಅಷ್ಟು ಧೈರ್ಯವಿಲ್ಲ. ಇಡ್ಲಿ ತಿಂದೆ, ಬಿಲ್ಲಿನ ಹೊತ್ತಿಗೆ ಸೋಂಪು ಬಾಯಿಗೆ ಹಾಕಿಕೊಂಡೆ, ಬಂದೆ. ಆದರೆ ಅಕ್ಕ ಮಾತ್ರ ಕಾರಿನಲ್ಲಿ ನನ್ನ ಜೊತೆಯಲ್ಲೇ ಮನೆಯವರೆಗೂ ಬಂದಳು.

ನಮ್ಮೂರು ಮಾಗಡಿ ತಾಲ್ಲೂಕಿನಲ್ಲಿ, ಕಲ್ಯದ ಹತ್ತಿರ. ಮನೆ ನಮ್ಮದು ಎಂದು ಹೇಳಿಕೊಳ್ಳುತ್ತಿದ್ದೆವು ಅಷ್ಟೇ, ನಿಜವಾದ ಯಜಮಾನರು ಹುಳುಗಳೇ. ನಡುಮನೆ ಅವುಗಳದು, ಕೋಣೆ ಅವುಗಳದು, ಒಳ್ಳೆ ಗಾಳಿ ಬರುವ ಕಿಟಕಿ ಅವುಗಳದು. ಬಿದಿರಿನ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಣಿಗೆಯಲ್ಲಿ ಜೋಡಿಸಿ, ಇರುವೆ ಹತ್ತದಂತೆ ಅದರ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಟ್ಟು, ನಾವು ಜಗಲಿಯಲ್ಲೋ ಕೊಟ್ಟಿಗೆಯ ಮಗ್ಗುಲಲ್ಲೋ ಮಲಗುತ್ತಿದ್ದೆವು. ಹುಳು ಇರುವಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಘಾಟು ಅವಕ್ಕೆ ಆಗದು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ಅಪ್ಪ ಒಂದು ಬೀಡಿ ಸೇದಲು ಹುಣಸೆಮರದವರೆಗೆ ನಡೆಯುತ್ತಿದ್ದ, ಮಳೆಯಲ್ಲೂ. ಒಮ್ಮೆ ನಮ್ಮ ಸೋದರತ್ತೆ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದಳೆಂದು ಅವಳಿಗೆ ಜಗಲಿಯಲ್ಲೇ ಎಲೆ ಹಾಕಿದ್ದು, ಅವಳು ಎರಡು ವರ್ಷ ಮಾತು ಬಿಟ್ಟದ್ದು ಎಲ್ಲ ನಡೆದಿದೆ.

ನಮ್ಮ ಮನೆಯ ಪಂಚಾಂಗವೂ ಹುಳುವಿನದೇ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಒಂದು ದಿನ ಸೊಪ್ಪು ಮುಟ್ಟದೆ, ತಲೆಯನ್ನು ಮೇಲೆತ್ತಿಕೊಂಡು, ಮಿಸುಕಾಡದೆ ಕೂತುಬಿಡುತ್ತದೆ. ಇದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು, ಅದಾಗಿ ಏಳುವವರೆಗೂ ಕಾಯಬೇಕು. ನಾನು ಹುಟ್ಟಿದ್ದು ಎರಡನೇ ಜ್ವರದ ದಿನವಂತೆ, ಹಾಗಾಗಿ ಎಲ್ಲರಿಗೂ ಪುರಸೊತ್ತಿತ್ತು, ನೋಡಲು ಬಂದವರು ಬಹಳ ಮಂದಿ. ಅಕ್ಕ ಹುಟ್ಟಿದ್ದು ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಂಕಿಗೆ ಬಿಡುವ ದಿನ. "ಅವ್ಳ ಮೊಕ ನೋಡಕ್ಕೂ ಯಾರ್ಗೂ ಕೈ ಬುಡುವಾಗ್ನಿಲ್ಲ" ಎಂದು ಅವ್ವ ಹೇಳುತ್ತಿದ್ದಳು. ನಮ್ಮಿಬ್ಬರ ಹಣೆಬರಹ ಅಲ್ಲೇ ಬರೆದಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಅವುಗಳ ಹಸಿವನ್ನು! ಒಂದು ವಾರ ಮನೆಮಂದಿಯೆಲ್ಲ ತೋಟದಿಂದ ಹಿಪ್ಪುನೇರಳೆ ಸೊಪ್ಪು ತಂದು ಸುರಿದರೂ ಸಾಲದು. ಕೊಯ್ದು ಕೊಯ್ದು ಬೆರಳಿನ ತುದಿ ಕಪ್ಪಾಗುತ್ತಿತ್ತು. ಅಂಥ ಒಂದು ವಾರದಲ್ಲೇ ನಮ್ಮ ಮಿಡ್ಲ್ ಸ್ಕೂಲಿನಿಂದ ಪ್ರವಾಸ ಹೊರಟಿತು. ನಮ್ಮ ಶಾಲೆಯಿಂದ ಹಾಗೆ ಬಸ್ಸು ಮಾಡಿಕೊಂಡು ದೂರ ಹೋಗುವುದು ಅದೇ ಮೊದಲು. ಘಟ್ಟ ಇಳಿದು, ದೇವಸ್ಥಾನಗಳನ್ನು ನೋಡಿ, ಕೊನೆಗೆ ಮಲ್ಪೆಯಲ್ಲಿ ಸಮುದ್ರ. ನಾನು ಆರನೇ ಕ್ಲಾಸು, ಅಕ್ಕ ಏಳು. ಇಬ್ಬರೂ ಹೆಸರು ಕೊಟ್ಟಿದ್ದೆವು. ಸಮುದ್ರ ಎನ್ನುವ ಮಾತು ಮೊದಲು ತಲೆಗೆ ಹೊಕ್ಕಿದ್ದು ಅಕ್ಕನಿಗೇ. ನನಗೆ ಬಸ್ಸಿನ ಕಿಟಕಿ ಸಿಕ್ಕರೆ ಸಾಕಾಗಿತ್ತು.

ಹೊರಡುವ ಹಿಂದಿನ ದಿನ ಅಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ. "ಹುಳ ನಾಕ್ನೇ ಜ್ವರ ಎದ್ದವೆ. ಇಬ್ರೂ ಹೊಂಟೋದ್ರೆ ಸೊಪ್ಪು ಯಾರ್ ಕುಯ್ಯೋರವ್ವಾ?"

ಅಕ್ಕ ಕುಡುಗೋಲು ಮಸೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಅವ್ಳೋಗ್ಲಿ ಬುಡಪ್ಪಾ. ನೋಡ್ಕಂಡ್ ಬಂದು ನಂಗೇಳ್ತಾಳೆ" ಎಂದಳು.

ಅಷ್ಟೇ. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಬೆಳಿಗ್ಗೆ ನನ್ನ ಜಡೆ ತಾನೇ ಹೆಣೆದು, ಕಡ್ಲೆಪುರಿಯ ಗಂಟು ಕೈಗಿಟ್ಟು, "ಎಲ್ಲಾ ನೆಪ್ಪಿಟ್ಕಂಡ್ ಬಾ. ಒಂದೂ ಬುಡ್ಬಾರ್ದು" ಎಂದು ಎರಡು ಸಲ ಹೇಳಿದಳು. ನಾನು ಹೂಂ ಹೂಂ ಎಂದು ಬಸ್ಸು ಹತ್ತಿದೆ. ನನ್ನ ಕಣ್ಣಿಗೆ ಆಗ ಕಿಟಕಿಯ ಸೀಟೊಂದೇ ಕಾಣುತ್ತಿತ್ತು.

ಕಿಟಕಿ ಸಿಕ್ಕಿತು. ಘಟ್ಟದಲ್ಲಿ ಆ ಕಿಟಕಿಯಿಂದ ನಾನು ಮಾಡಿದ್ದು ಒಂದೇ ಕೆಲಸ, ವಾಂತಿ. ಕಡ್ಲೆಪುರಿ ಹೋಯಿತು, ದೇವಸ್ಥಾನದ ಅನ್ನ ಹೋಯಿತು, ಕೊನೆಗೆ ಮೈ ಬೆಂಕಿಯಾಗಿ ಜ್ವರವೂ ಬಂತು. ಮಲ್ಪೆ ಬಂದಾಗ ಎಲ್ಲರೂ ಹೋ ಎಂದು ಕೂಗುತ್ತಾ ಇಳಿದರು. ನನ್ನನ್ನು ಮಾತ್ರ ಹಿಂದಿನ ಸೀಟಿನಲ್ಲಿ ಶಾಲು ಹೊದಿಸಿ ಮಲಗಿಸಿ, ಅಡಿಗೆಯವನನ್ನು ಕಾವಲಿಗಿಟ್ಟು, ಮೇಷ್ಟ್ರು ಹೋದರು. ಬಸ್ಸು ನಿಂತಿದ್ದು ಯಾವುದೋ ಗೋಡೌನಿನ ಹಿಂದೆ. ಮೀನಿನ ವಾಸನೆ ಬಿಟ್ಟರೆ ಸಮುದ್ರದ್ದು ಎಂಬ ಒಂದು ವಸ್ತುವೂ ನನ್ನ ಅನುಭವಕ್ಕೆ ಬರಲಿಲ್ಲ. ಹುಡುಗಿಯರು ಒದ್ದೆ ಲಂಗ ಹಿಂಡುತ್ತಾ, ಹಲ್ಲು ಕಡಕಡಿಸುತ್ತಾ ವಾಪಸು ಬಂದರು. ಹೇಗಿತ್ತು ಎಂದು ಕೇಳಿದರೆ, "ಅಯ್ಯೋ, ಹೇಳಕ್ಕಾಗಲ್ಲ ಕಣೇ" ಎಂದರು. ಅವರಿಗೇನು, ಹೇಳದಿದ್ದರೂ ನಡೆಯುತ್ತದೆ. ಹೇಳಬೇಕಾದವಳು ನಾನು.

ಊರಿಗೆ ಬಂದಾಗ ಅಕ್ಕ ಸಂಜೆಯ ಸೊಪ್ಪು ಹಾಕುತ್ತಿದ್ದಳು. ಕೈ ಪೂರಾ ಕರೆ ಹಿಡಿದಿತ್ತು, ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದಳು. ನನ್ನನ್ನು ನೋಡಿದ್ದೇ, "ಬಂದ್ಯಾ? ಹೇಳು, ಹೇಳು" ಎಂದಳು. ಆ ಬಟ್ಟೆ ಸುತ್ತಿದ ಬೆರಳು ನೋಡಿಕೊಂಡು, ನಾನು ಬಸ್ಸಿನಲ್ಲಿ ಮಲಗಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ನೀವಾದರೂ ಹೇಳುತ್ತಿರಲಿಲ್ಲ.

ಹೇಳಿದೆ ನೋಡಿ ಸುಳ್ಳು! ಸಮುದ್ರ ಎಷ್ಟು ನೀಲಿ ಎಂದರೆ ಕೈ ಅದ್ದಿದರೆ ಕೈ ನೀಲಿಯಾಗುತ್ತದೆ, ತೊಳೆದರೂ ಎರಡು ದಿನ ಹೋಗುವುದಿಲ್ಲ ಎಂದೆ. ಅಲ್ಲಿಯ ಮರಗಳು ದಡದಲ್ಲಿ ನಿಲ್ಲುವುದಿಲ್ಲ, ನೀರಿನಲ್ಲೇ ನಿಲ್ಲುತ್ತವೆ ಎಂದೆ. ದಡದಲ್ಲಿ ಮೊಸಳೆಗಳು ಸಾಲಾಗಿ ಬಿಸಿಲು ಕಾಯಿಸುತ್ತವೆ, ಅವುಗಳ ಪಕ್ಕದಲ್ಲೇ ಜಿಂಕೆ ಮೇಯುತ್ತವೆ ಎಂದೆ. ನಮ್ಮ ಶಾಲೆಯ ಗೋಡೆಯಲ್ಲಿ ಸಮುದ್ರದ ಚಿತ್ರ, ಕಾಡುಪ್ರಾಣಿಗಳ ಚಿತ್ರ ಅಕ್ಕಪಕ್ಕ ತೂಗುತ್ತಿದ್ದವು. ಎರಡನ್ನೂ ಸೇರಿಸಿ ಹೊಲಿದುಬಿಟ್ಟೆ. ಅಕ್ಕ ಒಂದೊಂದಕ್ಕೂ ಸೊಪ್ಪಿನ ಕೈ ನಿಲ್ಲಿಸಿ "ಹೌದಾ?" ಎನ್ನುತ್ತಿದ್ದಳು.

ಆಮೇಲೆ ಕೇಳಿದಳು, "ಸದ್ದು ಹೆಂಗಿರ್ತದೆ?"

ಸದ್ದಿನ ಚಿತ್ರ ಯಾವ ಗೋಡೆಯಲ್ಲೂ ಇರಲಿಲ್ಲ. ಅಷ್ಟರಲ್ಲಿ ಅವಳು ಹಾಕಿದ್ದ ಸೊಪ್ಪನ್ನು ಹುಳುಗಳು ಮೇಯಲು ಶುರು ಮಾಡಿದ್ದವು. ನಾಲ್ಕನೇ ಜ್ವರ ಎದ್ದ ಹುಳು ಮೇಯುವ ಸದ್ದನ್ನು ಕೇಳದವರಿಗೆ ಹೇಳುವುದು ಕಷ್ಟ, ಮಳೆ ಹಿಡಿದಂತೆ ಮನೆ ತುಂಬ ಒಂದೇ ಸಮ ಸುರಿಯುತ್ತದೆ. "ಇದೇ ಸದ್ದು ಕಣಕ್ಕಾ. ಇಂಥ ಸಾವ್ರ ತಟ್ಟೆ ಒಟ್ಟಿಗೇ ಮೇಯ್ದಂಗೆ" ಎಂದೆ. ಅಕ್ಕ ಕಣ್ಣು ಮುಚ್ಚಿಕೊಂಡು, ಖಾಲಿ ಕುಕ್ಕೆ ಸೊಂಟಕ್ಕಾನಿಸಿಕೊಂಡು ಬಹಳ ಹೊತ್ತು ನಿಂತಳು.

ಅಂದಿನಿಂದ ನಮ್ಮ ಮನೆಯಲ್ಲಿ ಅದೊಂದು ಮಾತೇ ಆಗಿಹೋಯಿತು. ಹುಳು ನಾಲ್ಕನೇ ಜ್ವರ ಎದ್ದರೆ "ಸಮುದ್ರ ಬಂತು" ಎನ್ನುವುದು. "ಮನೇಲಿ ಸಮುದ್ರ ಬಂದೈತೆ, ಮದ್ವೆಗೆ ಬರಕಾಗಲ್ಲ" ಎಂದು ಅವ್ವ ನೆಂಟರಿಗೆ ಹೇಳಿ ಕಳಿಸುತ್ತಿದ್ದಳು. ಅಕ್ಕನಿಗೆ ಏಳನೇ ಕ್ಲಾಸಿಗೇ ಶಾಲೆ ಮುಗಿಯಿತು. ಅದೇ ಊರಿನಲ್ಲಿ ಸೋದರಮಾವನ ಮಗನಿಗೆ ಕೊಟ್ಟರು, ಒಂದು ಹುಳುವಿನ ಮನೆಯಿಂದ ಇನ್ನೊಂದು ಹುಳುವಿನ ಮನೆಗೆ ಹೋದಳು. ನಾನು ಕುದೂರಿನಲ್ಲಿ ಹೈಸ್ಕೂಲು, ಆಮೇಲೆ ಕಾಲೇಜು, ಬಿ.ಎಡ್. ಎಂದು ಓದುತ್ತಾ ಹೋದೆ. ರಜೆಯಲ್ಲಿ ಹೋದಾಗಲೆಲ್ಲ ಅಕ್ಕ, "ಒಂದ್ಸಲ ಹೋಗ್ಬರಬೇಕು ಕಣೇ, ನೀ ನೋಡಿದ್ ಸಮುದ್ರಕ್ಕೆ" ಎನ್ನುತ್ತಿದ್ದಳು. ಪ್ರತಿ ಸಲವೂ ಅವಳ ಮನೆಯಲ್ಲಿ ಯಾವುದಾದರೊಂದು ಜ್ವರ ಇರುತ್ತಿತ್ತು. ಒಂದು ಬೆಳೆ ಮುಗಿದರೆ ಇನ್ನೊಂದು ಬೆಳೆಯ ಮೊಟ್ಟೆ ಬಂದಿರುತ್ತಿತ್ತು.

ದೇವರಿಗೆ ತಮಾಷೆ ನೋಡುವ ಚಟ ಇದೆ ಎಂದು ನನಗೆ ಖಾತ್ರಿಯಾದದ್ದು ನನಗೆ ಭೂಗೋಳದ ಮೇಡಂ ಕೆಲಸ ಸಿಕ್ಕಾಗ. ಕನಕಪುರ, ಚನ್ನಪಟ್ಟಣ, ರಾಮನಗರ ಎಂದು ವರ್ಗವಾದ ಊರುಗಳಲ್ಲೆಲ್ಲ ಸಾಗರಗಳ ಪಾಠ ಮಾಡಿದೆ. ಉಬ್ಬರ ಇಳಿತ, ಅಳಿವೆ, ಮುಖಜಭೂಮಿ, ಎಲ್ಲ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ. ಸಮುದ್ರವನ್ನು ಮಾತ್ರ ನೋಡಲಿಲ್ಲ. ನೋಡಬಹುದಿತ್ತು, ಸಲೀಸಾಗಿ. ಶಾಲೆಯ ಪ್ರವಾಸ ಕರಾವಳಿಗೆ ಎಂದರೆ ನನಗೆ ಅದೇ ದಿನ ಬೆನ್ನುನೋವು. ನಮ್ಮೆಜಮಾನರು ಗೋವಾಕ್ಕೆ ಹೋಗೋಣ ಎಂದಾಗ ಮಗಳ ಪರೀಕ್ಷೆ. ಅಕ್ಕನ ಬೆರಳು ಕೊಯ್ಯಿಸಿ ನೋಡಲು ಹೋಗಿದ್ದ ಸಮುದ್ರವನ್ನು ಮತ್ತೊಮ್ಮೆ ಅವಳನ್ನು ಬಿಟ್ಟು ನೋಡುವ ಮುಖ ನನಗಿರಲಿಲ್ಲ. ಅವಳ ಜೊತೆ ನಿಂತು ಇಬ್ಬರೂ ಮೊದಲ ಸಲ ನೋಡಿದರೆ ಸುಳ್ಳು ಅರ್ಧವಾದರೂ ತೀರುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಅದಕ್ಕಾಗಿ ಇಡೀ ನೌಕರಿಯ ಕಾಲ ಕಾದೆ.

ನಿವೃತ್ತಿಯಾದ ಮೇಲೆ ನಮ್ಮಂಥ ಮೇಷ್ಟ್ರುಗಳದೇ ಒಂದು ಪ್ರವಾಸದ ಗುಂಪು ಸೇರಿತು. ಅದರ ಮುಂದಾಳು ಜೀವಶಾಸ್ತ್ರದ ನಂಜುಂಡಯ್ಯ ಮೇಷ್ಟ್ರು. ಒಂದು ವರ್ಷ ಪುರಿಗೆ ಹೋಗಿಬಂದರು, ನನಗೆ ಎಂದಿನಂತೆ ಬೆನ್ನುನೋವು. ಮರುವರ್ಷ ಅವರು, "ಒಡಿಶಾದಲ್ಲೇ ಇನ್ನೊಂದು ಜಾಗ ಇದೆ ಮೇಡಂ, ಭಿತರಕನಿಕಾ ಅಂತ ಅಭಯಾರಣ್ಯ. ಮರಗಳು ನೀರಲ್ಲೇ ಬೆಳೀತವೆ, ದಡದಲ್ಲಿ ಮೊಸಳೆ, ಜಿಂಕೆ, ಆಚೆ ಕಡೆ ಸಮುದ್ರ" ಎಂದರು. ನಾನು ಕುಳಿತಿದ್ದ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ನಾನು ಹೆಣೆದ ಸುಳ್ಳು ಚಾಚೂ ತಪ್ಪದೆ ಭೂಮಿಯ ಮೇಲೆ ಒಂದು ಕಡೆ ಇತ್ತು! "ಎರಡು ಸೀಟು ಬರೆದುಕೊಳ್ಳಿ" ಎಂದೆ.

ಅಕ್ಕನನ್ನು ಹೊರಡಿಸುವುದು ಸುಲಭವಾಗಲಿಲ್ಲ. ಅಷ್ಟು ಹೊತ್ತಿಗೆ ಅವಳ ಮಗ ತೋಟದಲ್ಲಿ ಶೆಡ್ಡು ಕಟ್ಟಿ, ರೆಂಬೆ ಸಮೇತ ಸೊಪ್ಪು ಹಾಕುವ ಹೊಸ ಪದ್ಧತಿಗೆ ಹೋಗಿದ್ದ. ಅಕ್ಕನ ಕೈ ಬೇಕಾಗಿಯೇ ಇರಲಿಲ್ಲ. ಆದರೂ ಅವಳು, "ಮೂರ್ನೇ ಜ್ವರಕ್ ಕೂರ್ಲಿ, ಆಗ ಹೊರಡಣ" ಎಂದಳು. ಮಗ ನಕ್ಕು, "ಅತ್ಲಾಗ್ ಕರ್ಕಂಡೋಗಿ ಚಿಕ್ಕಮ್ಮಾ, ಹುಳ ನಾ ನೋಡ್ಕತೀನಿ" ಎಂದ. ಒಂದೂವರೆ ದಿನದ ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತು, ಎದುರು ಸೀಟಿನವರಿಗೆಲ್ಲ ನನ್ನನ್ನು ತೋರಿಸಿ, "ನಮ್ ಸಾವಿತ್ರಿ ಸಣ್ಣೋಳಿದ್ದಾಗ್ಲೇ ಸಮುದ್ರ ನೋಡವ್ಳೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ನಾನು ಪೇಪರು ಅಡ್ಡ ಹಿಡಿದುಕೊಂಡಿದ್ದೆ.

ಅಭಯಾರಣ್ಯದೊಳಗೆ ದೋಣಿಯಲ್ಲೇ ಹೋಗಬೇಕು. ಚಳಿಗಾಲದ ಬೆಳಗು. ಕಂದು ನೀರು, ಎರಡೂ ಕಡೆ ಕೆಸರಿನ ದಡ, ಕೆಸರಿನೊಳಗಿನಿಂದ ಮರದ ಬೇರುಗಳೇ ಮೇಲಕ್ಕೆ ಚುಚ್ಚಿಕೊಂಡು ನಿಂತಿದ್ದವು. "ಸೊಪ್ಪಿನ್ ಕಡ್ಡಿ ಸವರಿದ್ ಮ್ಯಾಲೆ ಕೂಳೆ ಉಳೀತದಲ್ಲ, ಹಂಗದೆ" ಎಂದಳು ಅಕ್ಕ. ನೀಲಿ ಮಿಂಚುಳ್ಳಿಯೊಂದು ನೀರಿಗೆ ಬಿದ್ದು ಎದ್ದಿತು. ಜಿಂಕೆ ಕಂಡವು. ಅಕ್ಕ ನನ್ನ ತೊಡೆಗೆ ಹೊಡೆದು ಹೊಡೆದು ತೋರಿಸಿದಳು.

ದೋಣಿ ತಿರುವಿನಲ್ಲಿ ನಿಧಾನವಾಯಿತು. ದಡದ ಮೇಲೆ ಮೊಸಳೆ. ಎತ್ತಿನ ಗಾಡಿಯಷ್ಟು ಉದ್ದ, ಬಾಯಿ ಅರೆ ತೆರೆದು, ತಲೆಯನ್ನು ಒಂದಿಷ್ಟು ಮೇಲೆತ್ತಿ, ಕಲ್ಲಿನ ಹಾಗೆ ಮಲಗಿತ್ತು. ದೋಣಿಯಲ್ಲಿದ್ದವರೆಲ್ಲ ಒಟ್ಟಿಗೇ ಎದ್ದು ಗದ್ದಲ ಎಬ್ಬಿಸಿದರು. ಯಾರೋ, "ಸತ್ತಿದೆಯೇನ್ರೀ, ಅಲ್ಲಾಡ್ತಾನೇ ಇಲ್ಲ" ಎಂದರು. ಇನ್ನೊಬ್ಬರು ಅದನ್ನು ಎಬ್ಬಿಸಲು ಚಪ್ಪಾಳೆ ತಟ್ಟಿದರು.

ಅಕ್ಕ ಸಿಡಿದೆದ್ದಳು. "ಸುಮ್ಕಿರ್ರಪ್ಪಾ! ಕಾಣಾಕಿಲ್ವಾ, ಜ್ವರಕ್ ಕೂತದೆ! ತಲೆ ಎತ್ಕಂಡೈತೆ ನೋಡಿ. ಈಗ ಅದ್ನ ಅಲ್ಲಾಡಿಸ್ಬಾರ್ದು."

ಗೈಡು ಒಡಿಶಾದ ಹುಡುಗ, ಅವನಿಗೆ ಕನ್ನಡ ಬಾರದು. ಆದರೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ ಅಕ್ಕನನ್ನು ನೋಡಿ ಅವನಿಗೆ ಬಹಳ ಸಂತೋಷವಾಯಿತು. ತಾನೂ ಬೆರಳಿಟ್ಟುಕೊಂಡ. ದೋಣಿ ತುಂಬ ಮೇಷ್ಟ್ರುಗಳು, ಮೂವತ್ತು ವರ್ಷ ಮಕ್ಕಳಿಗೆ ಸುಮ್ಮನಿರಿ ಎಂದವರು, ಉಸಿರು ಬಿಗಿಹಿಡಿದು ಕುಳಿತರು. ಅಕ್ಕ ಮೆಲ್ಲನೆ ನನ್ನ ಕಿವಿಗೆ, "ನೀ ಹೇಳ್ದಂಗೇ ಐತೆ ಕಣೇ. ಮೊಸಳೆ, ಜಿಂಕೆ, ನೀರಲ್ ನಿಂತ ಮರ. ಒಂದೂ ತಪ್ಪಿಲ್ಲ" ಎಂದಳು. ನನಗೆ ಐವತ್ತು ವರ್ಷದ ಭಾರ ಒಂದೇ ಸಲ ಇಳಿದಂತಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು.

ಮುಂದೆ ನೀರು ಅಗಲವಾಗುತ್ತಾ ಹೋಗಿ, ಆಚೆ ದಡ ಮಂಜಿನಲ್ಲಿ ಕರಗಿಹೋಯಿತು. ಗಾಳಿ ಬೀಸಿತು. ತುಟಿ ಸವರಿಕೊಂಡರೆ ಉಪ್ಪುಪ್ಪು. ಅಕ್ಕ, "ಇದೇಯಾ ಸಮುದ್ರ?" ಎಂದಳು. ನನಗೂ ಇದೇ ಇರಬೇಕು ಅನ್ನಿಸಿತು. ನೋಡಿದ್ದರೆ ತಾನೇ ಗೊತ್ತಾಗುವುದು? ಆದರೂ ಗೊತ್ತಿರುವವಳ ಗತ್ತಿನಲ್ಲಿ, "ಹೂಂ, ಇದೇ" ಎಂದೆ.

ಅಕ್ಕ ಬಾಗಿ ಕೈಯನ್ನು ನೀರಿಗೆ ಅದ್ದಿದಳು. ಗೈಡು ಕಿಟಾರನೆ ಕೂಗಿ ಓಡಿಬಂದು ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಮೊಸಳೆಯ ನೀರಿಗೆ ಕೈ ಹಾಕುವುದೇ! ನಂಜುಂಡಯ್ಯ ಮೇಷ್ಟ್ರೂ ಗಾಬರಿಯಾಗಿ, "ಯಾಕ್ ತಾಯಿ ಹೀಗ್ ಮಾಡಿದ್ರಿ?" ಎಂದರು.

"ಸಮುದ್ರದ್ ನೀರು ಒಸಿ ಮುಟ್ ನೋಡ್ದೆ ಕಣಪ್ಪಾ. ಕೈ ನೀಲಿ ಆಗ್ನೇ ಇಲ್ಲ" ಎಂದಳು ಅಕ್ಕ, ಕೆಸರಾದ ಅಂಗೈ ತೋರಿಸುತ್ತಾ.

"ಸಮುದ್ರ ಎಲ್ಲಿ ಬಂತು? ಇದು ಹೊಳೆ. ಉಬ್ಬರಕ್ಕೆ ಉಪ್ಪು ನೀರು ಒಳಗೆ ನುಗ್ಗಿರುತ್ತೆ ಅಷ್ಟೇ. ಸಮುದ್ರ ನಾಳೆ. ನಿಮ್ಮ ಸಾವಿತ್ರಿ ಮೇಡಂ ಹೇಳಲಿಲ್ವೇ? ಅವರು ಪಾಠ ಮಾಡಿದ್ದೇ ಇದು!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು. "ಸಮುದ್ರ ನೋಡಿದೋಳ್ಗೆ ಹೊಳೆ ಯಾವ್ದು ಅಂತ ಗೊತ್ತಾಗ್ನಿಲ್ವಾ?" ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದಳು.

ಇನ್ನು ಮುಚ್ಚಿಡಲು ಆಗಲಿಲ್ಲ. "ನಾನು ನೋಡ್ಲಿಲ್ಲ ಅಕ್ಕಾ. ಆವತ್ತು ಜ್ವರ ಬಂದು ಬಸ್ಸಲ್ಲೇ ಮಲಗಿದ್ದೆ. ನಿನಗೆ ಹೇಳಿದ್ದೆಲ್ಲ ಸುಳ್ಳು. ಆಮೇಲೂ ನೋಡಿಲ್ಲ, ಇವತ್ತಿನವರೆಗೂ" ಎಂದೆ. ಅಳು ಬಂತು.

ಅವಳು ಬೈದಿದ್ದರೆ ಚೆನ್ನಾಗಿತ್ತು. ದೋಣಿಯ ಅಂಚು ಹಿಡಿದುಕೊಂಡು, ಮಂಜಿನ ಕಡೆ ನೋಡುತ್ತಾ, "ಒಬ್ಳಾದ್ರೂ ನೋಡವ್ಳಲ್ಲ ಅಂತಿದ್ದೆ" ಎಂದಳು. ಮತ್ತೆ, "ಹಂಗಾರೆ ಇಬ್ರಲ್ಲಿ ಒಬ್ರೂ ನೋಡ್ನಿಲ್ಲ" ಎಂದಳು. ಅಷ್ಟೇ ಅವಳು ಆ ದಿನ ಆಡಿದ ಮಾತು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಉಳಿದುಕೊಂಡಿದ್ದ ಕಾಟೇಜಿನ ಮೆಟ್ಟಿಲ ಮೇಲೆ, ಕತ್ತು ನೆಟ್ಟಗೆ ಮಾಡಿಕೊಂಡು, ಒಂದೇ ಕಡೆ ದೃಷ್ಟಿಯಿಟ್ಟು ಕುಳಿತಳು. ಸಂಜೆ ಟೀ ಕೊಟ್ಟರೆ ಮುಟ್ಟಲಿಲ್ಲ. ನಂಜುಂಡಯ್ಯ ಮೇಷ್ಟ್ರು ನನಗೆ, "ಏನಾದ್ರೂ ಸಮಾಧಾನ ಹೇಳಿ ಮೇಡಂ" ಎಂದರು. ಹೇಳಲು ಹೋಗಲಿಲ್ಲ. ಹುಳುವಿನ ಮನೆಯಲ್ಲಿ ಬೆಳೆದವಳು ನಾನು, ಅಂಥ ಹೊತ್ತಿನಲ್ಲಿ ಕಾಯುವುದು ಬಿಟ್ಟು ಬೇರೇನೂ ಮಾಡಬಾರದು ಎಂದು ನನಗೆ ಗೊತ್ತು.

ಮರುದಿನ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮೊದಲೇ ಸ್ನಾನ ಮಾಡಿ, ಪೆಟ್ಟಿಗೆಯ ತಳದಲ್ಲಿದ್ದ ಹಸಿರು ಸೀರೆ ಉಟ್ಟು, ಊಟದ ಮನೆಗೆ ಬಂದು ಆರು ಪೂರಿ ತಿಂದಳು. ಪಲ್ಯ ಎರಡು ಸಲ ಹಾಕಿಸಿಕೊಂಡಳು. ನನಗೆ ಹೋದ ಜೀವ ಬಂತು.

ಬಸ್ಸು ನಮ್ಮನ್ನು ಸರ್ವೆ ಮರದ ತೋಪಿನಲ್ಲಿ ಇಳಿಸಿತು. ತೋಪಿನ ಆಚೆ ಮರಳಿನ ದಿಬ್ಬ, ದಿಬ್ಬದ ಆಚೆ ಸಮುದ್ರ. ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮುಕ್ಕಾಲು ಗಂಟೆ ಮಾತ್ರ ಸಮಯ ಎಂದ ಡ್ರೈವರು. ಕೋತಿಗಳ ಕಾಟ ಇರುವುದರಿಂದ ಚೀಲ, ಚಪ್ಪಲಿ ನೋಡಿಕೊಳ್ಳಲು ಒಬ್ಬರು ಬೇಕೆಂದರು ನಂಜುಂಡಯ್ಯ ಮೇಷ್ಟ್ರು.

"ಸಾವಿತ್ರಿ ನೋಡ್ಕತಾಳೆ" ಎಂದಳು ಅಕ್ಕ. ನಾನು ಬಾಯಿ ತೆರೆಯುವ ಮೊದಲೇ ತನ್ನ ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ಟಳು. "ನೀ ಇಲ್ಲೇ ಕುತ್ಕ. ನಾ ಹೋಗಿ ನೋಡ್ಕಂಡ್ ಬತ್ತೀನಿ."

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಉಳಿದವರಿಗೆ ಕಾಯದೆ ಒಬ್ಬಳೇ ದಿಬ್ಬ ಹತ್ತಿದಳು. ತುದಿಯಲ್ಲಿ ಒಂದು ಗಳಿಗೆ ನಿಂತಳು. ಹಸಿರು ಸೀರೆ ಗಾಳಿಗೆ ಪಟಪಟ ಬಡಿಯಿತು. ಆಮೇಲೆ ಆಚೆ ಇಳಿದುಹೋದಳು.

ಹದಿನಾಲ್ಕು ಜೊತೆ ಚಪ್ಪಲಿಗಳ ನಡುವೆ ಕುಳಿತು ನಾನು ಸಮುದ್ರವನ್ನು ಕೇಳಿದೆ. ಅದು ಬಂದು ಬೀಳುತ್ತದೆ, ಸುಮ್ಮನಾಗುತ್ತದೆ, ಮತ್ತೆ ಬರುತ್ತದೆ. ನಮ್ಮ ಹುಳು ಹಾಗೆ ನಡುವೆ ನಿಲ್ಲಿಸುವುದೇ ಇಲ್ಲ. ಎದ್ದು ಮೂವತ್ತು ಹೆಜ್ಜೆ ನಡೆದಿದ್ದರೆ ನೋಡಿಬಿಡಬಹುದಿತ್ತು, ಕೋತಿಗಳೂ ಹತ್ತಿರದಲ್ಲಿರಲಿಲ್ಲ. ಏಳಲಿಲ್ಲ. ಅವಳು ಆವತ್ತು ಸೊಪ್ಪು ಕೊಯ್ಯುತ್ತಾ ನನ್ನ ದಾರಿ ಕಾದದ್ದು ಹೇಗಿತ್ತು ಎಂದು ಮೊದಲ ಸಲ ನನಗೆ ಅರಿವಾಗುತ್ತಿತ್ತು. ಅಕ್ಕನ ಚಪ್ಪಲಿಯ ಮೇಲೆ ಕೈಯಿಟ್ಟುಕೊಂಡು ಕುಳಿತೆ.

ಬಹಳ ಹೊತ್ತಿನ ಮೇಲೆ ಅವಳು ದಿಬ್ಬ ಇಳಿದು ಬಂದಳು. ಸೀರೆ ಸೊಂಟದವರೆಗೂ ಒದ್ದೆ, ಕೂದಲು ಬಿಚ್ಚಿಹೋಗಿತ್ತು, ಮುಖ ಹದಿಮೂರು ವರ್ಷದವಳದು. ಏದುಸಿರು ಬಿಡುತ್ತಾ, "ಹೋಗೇ, ನೀನೂ ನೋಡ್ಕಂಡ್ ಬಾ. ಬಸ್ಸಿನೋನ್ಗೆ ನಾ ಹೇಳಿ ನಿಲ್ಲುಸ್ಕತೀನಿ" ಎಂದಳು.

ಎದ್ದೆ. ಎರಡು ಹೆಜ್ಜೆ ಹೋದೆ. ತಿರುಗಿ ಬಂದು ಕುಳಿತೆ. "ಬೇಡಕ್ಕಾ. ನೀನೇ ಹೇಳು" ಎಂದೆ.

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಪಕ್ಕದಲ್ಲೇ ಮರಳಿನ ಮೇಲೆ ಕುಳಿತು, ಸೀರೆಯ ಅಂಚು ಹಿಂಡುತ್ತಾ, "ಮೊದ್ಲು ಒಂದ್ ಮಾತು. ನೀ ಆವತ್ತು ಹೇಳಿದ್ದು ಒಂದೂ ಸರಿ ಇಲ್ಲ ಕಣೇ" ಎಂದು ಶುರು ಮಾಡಿದಳು.

ಹೇಳುವುದರಲ್ಲಿ ಅವಳಿಗೆ ನನ್ನ ಅವಸರವಿಲ್ಲ. ದಿಬ್ಬ ಹತ್ತಿದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಡ್ರೈವರು ಹಾರ್ನ್ ಹೊಡೆದ. ಮೊದಲ ನೋಟಕ್ಕೆ ರೈಲಿನಲ್ಲಿ ಒಂದು ಇಡೀ ಮಧ್ಯಾಹ್ನ ಹಿಡಿಯಿತು, ಒದ್ದೆ ಮರಳಿಗೆ ಇನ್ನೊಂದು ಬೆಳಗು. ಉಳಿದದ್ದು ನಾನು ಊರಿಗೆ ಹೋದಾಗಲೆಲ್ಲ ಒಂದಿಷ್ಟು, ಒಂದಿಷ್ಟು. ಶೆಡ್ಡಿನ ಕಡೆಯಿಂದ ಮಗ ಕರೆದರೆ ಮಾತು ಅಲ್ಲಿಗೇ ನಿಲ್ಲಿಸಿ, "ಮಿಕ್ಕಿದ್ದು ಇನ್ನೊಂದ್ಸಲ ಬಂದಾಗ" ಎಂದು ಎದ್ದುಬಿಡುತ್ತಿದ್ದಳು. ನಾನು ಮತ್ತೆ ಯಾವ ಕಡಲ ತೀರಕ್ಕೂ ಹೋಗಿಲ್ಲ. ಮಗಳು ಕರೆಯುತ್ತಲೇ ಇರುತ್ತಾಳೆ. ಆಸೆ ಇಲ್ಲವೆಂದಲ್ಲ, ಬೇಕಾದಷ್ಟಿದೆ, ಒಮ್ಮೊಮ್ಮೆ ತಡೆಯಲಾರದಷ್ಟು. ಆದರೆ ಅಕ್ಕ ಹೇಳಿ ಮುಗಿಸಲಿ ಎಂದು ಕಾಯುತ್ತಿದ್ದೆ.

ಹೋದ ವರ್ಷ ಆಷಾಢದಲ್ಲಿ ಅಕ್ಕ ತೀರಿಕೊಂಡಳು. ಅವಳು ಹೇಳುತ್ತಿದ್ದ ಸಮುದ್ರದಲ್ಲಿ ನೀರು ಇನ್ನೂ ಅವಳ ಮೊಣಕಾಲಿನವರೆಗೆ ಬಂದಿತ್ತು, ಅಷ್ಟೇ.